ಪೋರ್ಟ್ ತೆರೆದವರು ಯಾರು?

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಬೀದಿ, ಡಿಸ್ಪೆನ್ಸರಿ ರಸ್ತೆ. ಈ ಕಡೆ ಯಾವ ಅಂಗಡಿಗೆ ಹೋದರೂ ಗಲ್ಲಾದ ಹಿಂದೆಯೋ ಅಟ್ಟದ ಮೇಲೋ ಒಂದು ಪುಟ್ಟ ರೌಟರ್ ಮಿಣುಕುತ್ತಿರುತ್ತದೆ. ಬಿಲ್ಲಿಂಗ್ ಕಂಪ್ಯೂಟರು, ಟ್ಯಾಲಿ ಹಾಕಿದ ಮೆಷೀನು, ಕಾರ್ಡ್ ಉಜ್ಜುವ ಯಂತ್ರ, ಬೆರಳಿಟ್ಟು ಹಾಜರಿ ಹಾಕುವ ಯಂತ್ರ, ಕ್ಯಾಮೆರಾಗಳ ಡಿವಿಆರ್, ಹುಡುಗರ ಮೊಬೈಲುಗಳು, ಎಲ್ಲಕ್ಕೂ ಹೊರಗೆ ಹೋಗುವ ದಾರಿ ಅದೊಂದೇ. ಅದರ ಸೆಟ್ಟಿಂಗ್ಸ್ ಒಳಗೆ ಪೋರ್ಟ್ ಫಾರ್ವರ್ಡಿಂಗ್ ಎಂಬ ಒಂದು ಪುಟ ಇದೆ. ಕೆಲವು ರೌಟರುಗಳಲ್ಲಿ ಅದಕ್ಕೆ ವರ್ಚುವಲ್ ಸರ್ವರ್ ಎಂಬ ಹೆಸರು. ಆ ಪುಟ ತೆರೆದು ಯಜಮಾನರಿಗೆ ತೋರಿಸಿ ನೋಡಿ. ನಾಲ್ಕೈದು ಸಾಲು ಇರುತ್ತವೆ, ವಿವರಣೆಯ ಜಾಗದಲ್ಲಿ ‘ಟೆಸ್ಟ್’, ‘ಟೆಸ್ಟ್1’, ‘ಕ್ಯಾಮ್’ ಎಂದಿರುತ್ತದೆ. “ಇದೆಲ್ಲ ನಮಗೆ ಗೊತ್ತಿಲ್ಲ ಸಾರ್, ಕ್ಯಾಮೆರಾ ಹಾಕೋಕೆ ಬಂದಿದ್ದ ಹುಡುಗ ಮಾಡಿರಬೇಕು” ಎಂಬ ಉತ್ತರ ಬರುತ್ತದೆ.

ಆ ಹುಡುಗ ಕೆಟ್ಟವನಲ್ಲ. “ಮೊಬೈಲಲ್ಲಿ ಅಂಗಡಿ ಕಾಣ್ಬೇಕಪ್ಪ, ಅಷ್ಟೇ” ಅಂದರು, ಅವನು ಕಾಣುವಂತೆ ಮಾಡಿ ಹೋದ. ಆದರೆ ಅವನು ಬರೆದ ಆ ಒಂದು ಸಾಲು ಅಂಗಡಿಯ ಲೆಕ್ಕಪತ್ರ ಇರುವ ಜಾಲಕ್ಕೆ ಇಡೀ ಜಗತ್ತಿನಿಂದ ಪ್ರವೇಶ ಕೊಟ್ಟಿದೆ. ಅಂಥ ಪ್ರತಿ ಸಾಲಿನ ಬಗ್ಗೆ ಯಾರು ಕೇಳಿದ್ದು, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂಬ ಮೂರು ಸಂಗತಿ ವ್ಯಾಪಾರದ ಒಡೆಯನಿಗೆ ತಿಳಿದಿರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಇದು ಪೂರ್ತಿ ಟೆಕ್ನಿಷಿಯನ್‌ಗೆ ಬಿಟ್ಟುಕೊಡುವ ವಿಷಯವೇ ಅಲ್ಲ. ತಿಳಿದುಕೊಳ್ಳಲು ಎಂಜಿನಿಯರಿಂಗ್ ಓದಬೇಕಾಗಿಯೂ ಇಲ್ಲ.

ಇದರ ಮೂಲದಲ್ಲಿರುವುದು ವಿಳಾಸದ ಬರ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು 429 ಕೋಟಿ ಚಿಲ್ಲರೆ ವಿಳಾಸಗಳು ಮಾತ್ರ ಇವೆ. ಇಷ್ಟು ಸಾಲುವುದಿಲ್ಲ ಎಂಬುದು 1990ರ ದಶಕದ ಆರಂಭದಲ್ಲೇ ಗೊತ್ತಾಗಿತ್ತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬಿಬ್ಬರು, ದೊಡ್ಡ ಪರಿಹಾರ ಸಿಗುವವರೆಗೆ ನಡೆಯಲಿ ಎಂದು ಒಂದು ಉಪಾಯ ಮುಂದಿಟ್ಟರು. ಕಚೇರಿಯ ಒಳಗೆ ಎಲ್ಲರೂ ಖಾಸಗಿ ವಿಳಾಸ ಬಳಸಲಿ, ಹೊರಗೆ ಹೋಗುವಾಗ ಬಾಗಿಲಲ್ಲಿರುವ ರೌಟರ್ ಅದನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸಲಿ ಎಂಬುದು ಅದರ ತಿರುಳು. ಇದೇ ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್, ಕೆಲಸದವರ ಬಾಯಲ್ಲಿ ನ್ಯಾಟ್. ಒಳಗಿನ ಬಳಕೆಗೆಂದು 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು ಎಂಬ ಮೂರು ಗುಂಪುಗಳನ್ನು ಮೀಸಲಿಟ್ಟ ದಾಖಲೆ 1996ರ ಫೆಬ್ರುವರಿಯದು. ನಿಮ್ಮ ಅಂಗಡಿಯಲ್ಲೂ ಪಕ್ಕದ ಅಂಗಡಿಯಲ್ಲೂ ಇದೇ 192.168.1.1 ಇರುವುದು ಅದರಿಂದಲೇ. 2011ರ ಫೆಬ್ರುವರಿ 3ರಂದು ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು ಖಾಲಿಯಾಯಿತು. ಏಪ್ರಿಲ್ 15ರಂದು ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಕೂಡ ತನ್ನ ಕೊನೆಯ ಕಂತಿಗೆ ಕೈ ಹಾಕಿತು. ತಾತ್ಕಾಲಿಕ ಅಂದುಕೊಂಡದ್ದು ಮೂರು ದಶಕ ದಾಟಿ ನಿಂತಿದೆ.

ನ್ಯಾಟ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಬೆಂಗಳೂರಿನ ಪೂರ್ವಭಾಗದಲ್ಲೇ ಒಳ್ಳೆಯ ಉದಾಹರಣೆ ಇದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆ ಸಿಗುವ ದೂರವಾಣಿನಗರ ಬೆಳೆದದ್ದು 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸುತ್ತ. ದೇಶದ ಮನೆಮನೆಗೆ ಟೆಲಿಫೋನು, ಊರೂರಿಗೆ ಎಕ್ಸ್‌ಚೇಂಜು ಮಾಡಿಕೊಟ್ಟ ಕಾರ್ಖಾನೆ ಅದು. ಅಲ್ಲಿ ದುಡಿದವರ ಮನೆಯಲ್ಲಿ ಎಕ್ಸ್‌ಟೆನ್ಶನ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಚೇರಿಗೆ ಹೊರಗಿನ ನಂಬರ್ ಒಂದೇ, ಒಳಗೆ ಐವತ್ತು ಟೇಬಲ್ಲಿಗೆ ಐವತ್ತು ಎಕ್ಸ್‌ಟೆನ್ಶನ್. ಒಳಗಿನವರು ಸೊನ್ನೆ ಒತ್ತಿ ಹೊರಗೆ ಮಾತಾಡಬಹುದು, ಆಚೆಯವರಿಗೆ ಕಾಣುವುದು ಕಚೇರಿಯ ನಂಬರ್ ಮಾತ್ರ. ಹೊರಗಿನಿಂದ ಕರೆ ಬಂದರೆ ಯಾರಿಗೆ ಕೊಡಬೇಕೆಂದು ಆಪರೇಟರಿಗೆ ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ಆ ಕರೆ ಅಲ್ಲಿಗೇ ಮುಗಿಯಿತು. ನ್ಯಾಟ್ ಮಾಡುವುದೂ ಇದನ್ನೇ. ಹೊರಹೋಗುವುದಕ್ಕೆ ಒಂದು ಬಗೆಯ ನಿಯಮ ಇದೆ, ಒಳಬರುವುದಕ್ಕೆ ಇನ್ನೊಂದು ಬಗೆಯದು.

ಶಿವಾಜಿನಗರದಲ್ಲಿ ಅಂಗಡಿ, ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಒಂದು ಶಾಖೆ, ಕೆ.ಆರ್. ಪುರದಲ್ಲಿ ಗೋಡೌನು, ಹಲಸೂರಿನಲ್ಲಿ ಆಡಿಟರ್ ಕಚೇರಿ ಇರುವ ಒಂದು ಬಟ್ಟೆ ವ್ಯಾಪಾರವನ್ನು ಕಲ್ಪಿಸಿಕೊಳ್ಳಿ. ಅಂಗಡಿಗೆ ಸಿಕ್ಕ ಸಾರ್ವಜನಿಕ ವಿಳಾಸ 203.0.113.10 ಇರಲಿ (ಇದು ಉದಾಹರಣೆ ಕೊಡಲೆಂದೇ ಮೀಸಲಿಟ್ಟ ಗುಂಪಿನದು, ಯಾರದೂ ಅಲ್ಲ). ಬಿಲ್ಲಿಂಗ್ ಕಂಪ್ಯೂಟರ್ 192.168.10.21, ಜಿಎಸ್‌ಟಿ ಪೋರ್ಟಲ್ ತೆರೆಯುತ್ತಿದೆ. ಅದು ಕಳಿಸಿದ ಪ್ಯಾಕೆಟ್ಟಿನ ಮೇಲೆ ತನ್ನ ವಿಳಾಸವೂ 51514 ಎಂಬ ಒಂದು ಪೋರ್ಟ್ ಸಂಖ್ಯೆಯೂ ಇರುತ್ತದೆ. ರೌಟರ್ ಅವನ್ನು ಅಳಿಸಿ 203.0.113.10, ಪೋರ್ಟ್ 40021 ಎಂದು ಬರೆದು, ಹೀಗೆ ಬದಲಿಸಿದೆ ಎಂದು ತನ್ನ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಆ ಗುರುತು ನೋಡಿ ಮರಳಿ 21ನೇ ಯಂತ್ರಕ್ಕೆ ಕಳಿಸುತ್ತದೆ. ಪೋರ್ಟ್ ಸಂಖ್ಯೆಗಳು 65,536 ಇರುವುದರಿಂದ ಒಂದೇ ವಿಳಾಸದ ಹಿಂದೆ ಇಡೀ ಕಚೇರಿ ಕೂರಬಹುದು. ಇದು ಸೋರ್ಸ್ ನ್ಯಾಟ್. ಹೊರವಿಳಾಸ ಆಗಾಗ ಬದಲಾಗುವ ಲೈನಾದರೆ ಇದನ್ನೇ ಮಾಸ್ಕರೇಡ್ ಎನ್ನುತ್ತಾರೆ. ಹೊಸ ರೌಟರಿನಲ್ಲಿ ಈ ನಿಯಮ ಮೊದಲೇ ಬರೆದಿರುತ್ತದೆ.

ಆ ಗುರುತು ಶಾಶ್ವತವಲ್ಲ. ಮಾತುಕತೆ ನಿಂತು ಇಂತಿಷ್ಟು ಹೊತ್ತಾದರೆ ರೌಟರ್ ಅದನ್ನು ಅಳಿಸುತ್ತದೆ. ಇಂಟರ್ನೆಟ್ ಮಾನದಂಡ ರೂಪಿಸುವವರ 2008ರ ಶಿಫಾರಸಿನ ಪ್ರಕಾರ ಸುಮ್ಮನೆ ಕೂತಿರುವ ಟಿಸಿಪಿ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮೊದಲು ಕಡಿಯಬಾರದು, ಆದರೆ ಎಲ್ಲ ರೌಟರುಗಳೂ ಅಷ್ಟು ಕಾಯುವುದಿಲ್ಲ. ಊಟ ಮುಗಿಸಿ ಬಂದು ನೋಡಿದರೆ ದೂರದ ಸರ್ವರಿನ ಸಾಫ್ಟ್‌ವೇರ್ ಹೆಪ್ಪುಗಟ್ಟಿದಂತೆ ನಿಂತಿದೆ, ಮುಚ್ಚಿ ತೆರೆದರೆ ಸರಿಹೋಗುತ್ತದೆ ಎಂಬ ದೂರು ಬಂದರೆ ಮೊದಲು ಈ ಅವಧಿಯನ್ನು ನೋಡಿ. ನೆಟ್ ಕಂಪನಿಗೆ ಫೋನು ಮಾಡಿ ಜಗಳವಾಡುವುದು ಆಮೇಲಿನ ಮಾತು.

ನಿಜವಾದ ತೀರ್ಮಾನ ತೆಗೆದುಕೊಳ್ಳಬೇಕಾದದ್ದು ಒಳಬರುವ ನಿಯಮದಲ್ಲಿ. ‘203.0.113.10ರ 8000ನೇ ಪೋರ್ಟಿಗೆ ಯಾರು ಬಂದರೂ 192.168.10.50ಕ್ಕೆ ಕಳಿಸು’ ಎಂಬುದು ಡೆಸ್ಟಿನೇಶನ್ ನ್ಯಾಟ್, ಅಂದರೆ ಪೋರ್ಟ್ ಫಾರ್ವರ್ಡಿಂಗ್. ಐವತ್ತನೇ ಯಂತ್ರ ಡಿವಿಆರ್. ಈ ವಾಕ್ಯದಲ್ಲಿರುವ ‘ಯಾರು ಬಂದರೂ’ ಎಂಬುದನ್ನು ನಾವು ಓದದೆ ದಾಟಿಬಿಡುತ್ತೇವೆ. ನಮ್ಮಂಥ ಸಣ್ಣ ಅಂಗಡಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝಡ್‌ಮ್ಯಾಪ್ ಎಂಬ ಸಾಧನ ಮಾಡಿ, ಒಂದೇ ಕಂಪ್ಯೂಟರಿನಿಂದ, ಒಳ್ಳೆಯ ಲೈನ್ ಇದ್ದರೆ ಇಡೀ ಐಪಿವಿ4 ಇಂಟರ್ನೆಟ್ಟನ್ನು 45 ನಿಮಿಷದಲ್ಲಿ ತಡಕಾಡಬಹುದು ಎಂದು ತೋರಿಸಿದರು. ಹುಡುಕುವವರಿಗೆ ನಿಮ್ಮ ಅಂಗಡಿಯ ಹೆಸರು ಬೇಡ, ತೆರೆದ ಪೋರ್ಟ್ ಸಾಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಹೀಗೆಯೇ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಹುಡುಕಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳ ಅರವತ್ತರ ಆಸುಪಾಸಿನ ಪಟ್ಟಿಯನ್ನು ಒಂದೊಂದಾಗಿ ಹಾಕಿ ನೋಡಿ ಒಳಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಅದರ ಪಡೆ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅನೇಕ ಕಡೆ ಗಂಟೆಗಟ್ಟಲೆ ಸಿಗದಾದವು. ಆ ಪಡೆಯಲ್ಲಿದ್ದ ಯಂತ್ರಗಳ ಯಜಮಾನರಿಗೆ ಏನೂ ಗೊತ್ತಿರಲಿಲ್ಲ. ಅವರ ಕ್ಯಾಮೆರಾ ಎಂದಿನಂತೆ ಅಂಗಡಿ ತೋರಿಸುತ್ತಲೇ ಇತ್ತು.

ಡಿವಿಆರ್‌ಗಿಂತ ಅಪಾಯಕಾರಿಯಾದದ್ದು 3389. ವಿಂಡೋಸ್ ಕಂಪ್ಯೂಟರನ್ನು ದೂರದಿಂದ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್ ಇದು. ಟ್ಯಾಲಿ ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್, ನಮ್ಮ ವ್ಯಾಪಾರದ ಜೀವ. ಆಡಿಟರು ಹಲಸೂರಿನಿಂದಲೇ ಕೂತು ನೋಡಲಿ ಎಂದು 3389 ತೆರೆದುಕೊಟ್ಟ ಅಂಗಡಿಗಳು ಬೇಕಾದಷ್ಟಿವೆ. 2019ರ ಮೇ ತಿಂಗಳಲ್ಲಿ ಈ ಸೇವೆಯಲ್ಲಿ ಬ್ಲೂಕೀಪ್ ಎಂಬ ದೋಷ ಬಯಲಾದಾಗ ಮೈಕ್ರೊಸಾಫ್ಟ್, ತಾನು ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ತಿದ್ದುಪಡಿ ಬಿಡುಗಡೆ ಮಾಡಿತು. ಪಾಸ್‌ವರ್ಡೇ ಕೇಳದೆ ಒಳನುಗ್ಗಬಹುದಾದ ದೋಷ ಅದಾಗಿತ್ತು. ‘3389ರ ಬದಲು 33891 ಹಾಕಿದ್ದೀನಿ ಸಾರ್, ಯಾರಿಗೂ ಗೊತ್ತಾಗಲ್ಲ’ ಎಂಬ ಭರವಸೆಯನ್ನು ನಂಬಬೇಡಿ. ತಡಕಾಡುವವರು ಎಲ್ಲ ಸಂಖ್ಯೆಗಳನ್ನೂ ತಟ್ಟಿ ನೋಡುತ್ತಾರೆ. ಟ್ಯಾಲಿಯ 9000ನೇ ಪೋರ್ಟಿಗೂ ಇದೇ ಮಾತು, ಅದನ್ನು ಅಂಗಡಿಯ ಒಳಗಷ್ಟೇ ಇಟ್ಟುಕೊಳ್ಳಿ.

ಒಂದು ಪೋರ್ಟ್ ತೆರೆಯಲೇಬೇಕಾದ ಸಂದರ್ಭ ಬಂದರೆ ‘ಯಾರು ಬಂದರೂ’ ಎಂಬುದನ್ನು ಕತ್ತರಿಸಿ. ಆಡಿಟರ ಕಚೇರಿಗೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಇದ್ದರೆ ಆ ಒಂದು ವಿಳಾಸದಿಂದ ಬಂದವರಿಗೆ ಮಾತ್ರ ಎಂದು ಬರೆಯಿರಿ. ಮಾರ್ಚ್ ಲೆಕ್ಕ ಮುಗಿದ ಮೇಲೆ ಆ ಸಾಲು ತೆಗೆಯಲು ತಾರೀಖು ಗೊತ್ತು ಮಾಡಿ. ವಿವರಣೆಯ ಜಾಗದಲ್ಲಿ ‘ಟೆಸ್ಟ್’ ಬದಲು ಕೆಲಸ, ಕೇಳಿದವರು, ತಾರೀಖು ಬರೆಯಿಸಿ. ಮೂರು ವರ್ಷದ ಮೇಲೆ ಬರುವ ಬೇರೆ ಟೆಕ್ನಿಷಿಯನ್‌ಗೆ ಆ ಹತ್ತು ಅಕ್ಷರ ಸಿಕ್ಕರೆ ಅರ್ಧ ದಿನ ಉಳಿಯುತ್ತದೆ. ಯುಪಿಎನ್‌ಪಿ ಎಂಬ ಸೌಲಭ್ಯವನ್ನೂ ಆರಿಸಿಡಿ. ಅದಿದ್ದರೆ ಒಳಗಿನ ಯಾವ ಯಂತ್ರವೂ ನಿಮ್ಮನ್ನು ಕೇಳದೆ ತಾನೇ ರೌಟರಿಗೆ ಹೇಳಿ ಪೋರ್ಟ್ ತೆರೆಸಿಕೊಳ್ಳಬಹುದು.

ಇನ್ನೊಂದು ಗೊಂದಲ. ನ್ಯಾಟ್ ಬೇರೆ, ಫೈರ್‌ವಾಲ್ ಬೇರೆ. ವಿಳಾಸ ಬದಲಿಸುವುದು ಮೊದಲನೆಯದರ ಕೆಲಸ, ಬಿಡಬೇಕೋ ಬೇಡವೋ ಎಂದು ನಿರ್ಧರಿಸುವುದು ಎರಡನೆಯದರ ಕೆಲಸ. ಎರಡೂ ಒಂದೇ ಡಬ್ಬಿಯಲ್ಲಿರುವುದರಿಂದ ಹೆಸರು ಬೆರೆತುಹೋಗಿವೆ. ಲಿನಕ್ಸ್ ಆಧಾರದ ರೌಟರುಗಳಲ್ಲಿ ಒಳಬರುವ ಪ್ಯಾಕೆಟ್ಟಿನ ಗುರಿವಿಳಾಸ ಮೊದಲು ಬದಲಾಗುತ್ತದೆ, ಆಮೇಲೆ ಫೈರ್‌ವಾಲಿನ ತಪಾಸಣೆ, ಹೊರಡುವ ಗಳಿಗೆಯಲ್ಲಿ ಮೂಲವಿಳಾಸದ ಬದಲಾವಣೆ. ಹಾಗಾಗಿ ಫೈರ್‌ವಾಲ್ ನಿಯಮದಲ್ಲಿ 203.0.113.10 ಎಂದು ಬರೆದರೆ ಅದು ಯಾವತ್ತೂ ತಾಳೆಯಾಗುವುದಿಲ್ಲ, 192.168.10.50 ಎಂದೇ ಬರೆಯಬೇಕು. ಕಂಪನಿಯಿಂದ ಕಂಪನಿಗೆ ಈ ಪದ್ಧತಿ ಬೇರೆ. ಸಿಸ್ಕೊದ ಎಎಸ್‌ಎ ಫೈರ್‌ವಾಲ್ 2010ರ 8.3ನೇ ಆವೃತ್ತಿಗೆ ಮೊದಲು ಹೊರವಿಳಾಸ ಕೇಳುತ್ತಿತ್ತು, ಅಲ್ಲಿಂದ ಮುಂದೆ ಒಳವಿಳಾಸ ಕೇಳತೊಡಗಿತು. ಹಳೆಯ ಪೆಟ್ಟಿಗೆ ತೆಗೆದು ಹೊಸದು ಕೂರಿಸುವಾಗ ನಿಯಮಗಳನ್ನು ಕಣ್ಣುಮುಚ್ಚಿ ನಕಲು ಮಾಡುವವರು ಇಲ್ಲೇ ಎಡವುತ್ತಾರೆ.

ಪೋರ್ಟ್ ತೆರೆದರೂ ಹೊರಗಿನಿಂದ ಏನೂ ಬರುತ್ತಿಲ್ಲ ಅಂದಾಗ ರೌಟರಿನ ವ್ಯಾನ್ (ಹೊರಬದಿಯ) ವಿಳಾಸ ಏನೆಂದು ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಬ್ರಾಡ್‌ಬ್ಯಾಂಡಿನವರೇ ಮೇಲೆ ಇನ್ನೊಂದು ನ್ಯಾಟ್ ಹಾಕಿದ್ದಾರೆ ಎಂದರ್ಥ. ಇದಕ್ಕೆಂದೇ 2012ರ ಏಪ್ರಿಲ್‌ನಲ್ಲಿ ಈ ಗುಂಪಿನ ಸುಮಾರು 42 ಲಕ್ಷ ವಿಳಾಸಗಳನ್ನು ಮೀಸಲಿಡಲಾಯಿತು. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಗ್ರಾಹಕರು ಇರುವಾಗ ನಿಮ್ಮ ರೌಟರಿನಲ್ಲಿ ಎಷ್ಟು ಸಾಲು ಬರೆದರೂ ಉಪಯೋಗವಿಲ್ಲ. ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಒಳಗಿನಿಂದಲೇ ಸಂಪರ್ಕ ಶುರುಮಾಡುವ ದಾರಿ ಹುಡುಕಬೇಕು. ಫೈಬರಿನವರ ಓಎನ್‌ಟಿ ಡಬ್ಬಿಯೂ ನಿಮ್ಮ ರೌಟರೂ ಎರಡೂ ನ್ಯಾಟ್ ಮಾಡುತ್ತಿದ್ದರೆ ಇದೇ ತೊಂದರೆಯ ಚಿಕ್ಕ ರೂಪ. ಓಎನ್‌ಟಿ ತಾನು ನ್ಯಾಟ್ ಮಾಡದಂತೆ ಅದನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿದರೆ ಸಾಕು.

ನನ್ನ ದೃಷ್ಟಿಯಲ್ಲಿ ಊರಿನ ನಾಲ್ಕು ಕಡೆ ಹರಡಿದ ನಮ್ಮ ಬಟ್ಟೆ ವ್ಯಾಪಾರಕ್ಕೆ ಸರಿಯಾದ ದಾರಿ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೇ ಕೊರೆದುಕೊಂಡ ಖಾಸಗಿ ಸುರಂಗ. ಶಿವಾಜಿನಗರಕ್ಕೆ ಒಂದು ಸ್ಟ್ಯಾಟಿಕ್ ಐಪಿ ಕೊಂಡು ಅಲ್ಲಿ ವೈರ್‌ಗಾರ್ಡ್‌ನಂಥದ್ದನ್ನು ಕೂರಿಸಿದರೆ ಉಳಿದ ಮೂರು ಕಡೆಯವರು ಯಾವ ನ್ಯಾಟ್ ಹಿಂದಿದ್ದರೂ ತಾವೇ ಅಲ್ಲಿಗೆ ಬಂದು ಸೇರಿಕೊಳ್ಳುತ್ತಾರೆ. 2020ರ ಮಾರ್ಚ್‌ನಿಂದ ಲಿನಕ್ಸ್‌ನ ಒಡಲಲ್ಲೇ ಇರುವ ವೈರ್‌ಗಾರ್ಡ್‌ಗೆ ಬೇಕಾದದ್ದು ಒಂದು ಯುಡಿಪಿ ಪೋರ್ಟ್. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ತಡಕಾಡುವವರಿಗೆ ಅಲ್ಲಿ ಏನೂ ಇಲ್ಲವೆಂದೇ ಅನಿಸುತ್ತದೆ. ನ್ಯಾಟ್ ಹಿಂದಿರುವ ಕಡೆ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸುತ್ತಿರುವಂತೆ ಹೇಳಿದರೆ ರೌಟರಿನ ಗುರುತು ಅಳಿಯದೆ ಉಳಿಯುತ್ತದೆ. ಡಿವಿಆರ್, ಟ್ಯಾಲಿ, ರಿಮೋಟ್ ಡೆಸ್ಕ್‌ಟಾಪ್ ಎಲ್ಲದರ ಸಾಲುಗಳನ್ನೂ ಆಗ ಅಳಿಸಿಬಿಡಬಹುದು.

ವಿಪಿಎನ್ ಕಟ್ಟುವಾಗ ನ್ಯಾಟ್ ಎರಡು ಕಡೆ ಕಾಲಿಗೆ ತೊಡರುತ್ತದೆ. ಶಾಖೆಯಲ್ಲೂ ಗೋಡೌನಿನಲ್ಲೂ ಅದೇ 192.168.1 ಇದ್ದರೆ, 192.168.1.20 ಎಂದಾಗ ಇಲ್ಲಿಯದೋ ಅಲ್ಲಿಯದೋ ಎಂದು ಯಾವ ಯಂತ್ರಕ್ಕೂ ತಿಳಿಯುವುದಿಲ್ಲ. ಒಂದು ಇಡೀ ಜಾಲವನ್ನು ಇನ್ನೊಂದಕ್ಕೆ ನಕ್ಷೆ ಮಾಡುವ ನ್ಯಾಟ್ ನಿಯಮ ಬರೆದು ಇದನ್ನು ದಾಟಬಹುದು, ಆದರೆ ಅದು ಮುಂದೆ ಬರುವವರಿಗೆ ತಲೆನೋವು. ಒಂದು ಭಾನುವಾರ ಕೂತು ಶಿವಾಜಿನಗರಕ್ಕೆ 192.168.10, ಇಂದಿರಾನಗರಕ್ಕೆ 192.168.20, ಕೆ.ಆರ್. ಪುರಕ್ಕೆ 192.168.30 ಎಂದು ವಿಳಾಸ ಬದಲಿಸುವುದು ವಾಸಿ. ಎರಡನೆಯದು ನಿಯಮಗಳ ಕ್ರಮ. ಹೆಚ್ಚಿನ ಫೈರ್‌ವಾಲುಗಳು ಪಟ್ಟಿಯನ್ನು ಮೇಲಿನಿಂದ ಓದುತ್ತವೆ, ಮೊದಲು ತಾಳೆಯಾದದ್ದೇ ಅಂತಿಮ. ‘ಹೊರಗೆ ಹೋಗುವುದೆಲ್ಲದರ ವಿಳಾಸ ಬದಲಿಸು’ ಎಂಬ ಸಾಲು ಮೇಲಿದ್ದರೆ ಐಪಿಸೆಕ್ ಬಗೆಯ ವಿಪಿಎನ್ ಸುರಂಗದಲ್ಲಿ ಗೋಡೌನಿಗೆ ಹೋಗಬೇಕಾದ ಪ್ಯಾಕೆಟ್ಟಿನ ವಿಳಾಸವೂ ಬದಲಾಗಿ, ಅದು ಸುರಂಗದ ನಿಯಮಕ್ಕೆ ಹೊಂದದೆ ಹಾದಿತಪ್ಪುತ್ತದೆ. ಶಾಖೆಯಿಂದ ಶಾಖೆಗೆ ಹೋಗುವುದನ್ನು ಬದಲಿಸಬೇಡ ಎಂಬ ವಿನಾಯಿತಿಯ ಸಾಲು ಅದಕ್ಕಿಂತ ಮೇಲೆ ಕೂರಬೇಕು. ಸುರಂಗ ‘ಅಪ್’ ಎಂದು ಹಸಿರು ತೋರಿಸುತ್ತಿದ್ದೂ ಒಂದು ಪಿಂಗ್ ಕೂಡ ದಾಟದಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಮೆಟ್ರೊಗೋ ಒಳಚರಂಡಿಗೋ ರಸ್ತೆ ಅಗೆದು ಫೈಬರ್ ತುಂಡಾಗುವುದು ಈ ಭಾಗದವರಿಗೆ ಹೊಸದಲ್ಲ, ಅದಕ್ಕೇ ಅನೇಕರು ಎರಡು ಲೈನ್ ಇಟ್ಟುಕೊಂಡಿದ್ದಾರೆ. ಪ್ರತಿ ಲೈನಿಗೂ ಬೇರೆ ಸೋರ್ಸ್ ನ್ಯಾಟ್ ನಿಯಮ ಬೇಕು. ಬ್ಯಾಂಕಿನ ತಾಣದಂಥವು ಎರಡು ಲೈನಿಗೂ ಹಂಚಿಹೋದರೆ ನಡುವೆ ವಿಳಾಸ ಬದಲಾಗಿ ಲಾಗಿನ್ ಬಿದ್ದುಹೋಗಬಹುದು, ಅವನ್ನು ಒಂದೇ ಲೈನಿಗೆ ಕಟ್ಟಿಹಾಕಿ. ನ್ಯಾಟ್ ಹಿಂದಿರುವ ಐಪಿ ಫೋನಿನಲ್ಲಿ ಒಂದು ಕಡೆಯ ದನಿ ಮಾತ್ರ ಕೇಳಿಸಿದರೆ ರೌಟರಿನಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ಆರಿಸಿ ನೋಡಿ.

ಇಂದಿರಾನಗರದ 100 ಅಡಿ ರಸ್ತೆಯ ಕೆಫೆಗಳವರೂ ಕೋವರ್ಕಿಂಗ್ ಜಾಗಗಳವರೂ ಇನ್ನೊಂದು ಸಂಗತಿ ಗಮನಿಸಬೇಕು. ಗಿರಾಕಿಯೊಬ್ಬ ನಿಮ್ಮ ವೈಫೈ ಹಿಡಿದು ಯಾರಿಗೋ ಬೆದರಿಕೆ ಸಂದೇಶ ಕಳಿಸಿದರೆ ಪೊಲೀಸರ ಕೈಗೆ ಸಿಗುವುದು ನಿಮ್ಮ ಸಾರ್ವಜನಿಕ ವಿಳಾಸ. ಆ ಗಳಿಗೆಯಲ್ಲಿ ಅದರ ಹಿಂದೆ ಯಾರಿದ್ದರು ಎಂದು ಹೇಳಬಲ್ಲದ್ದು ನ್ಯಾಟ್ ದಾಖಲೆ ಮಾತ್ರ. ಯಾವ ಒಳವಿಳಾಸ, ಯಾವ ಪೋರ್ಟ್, ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿ ಇರಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕಂಪನಿಗಳಿಗೂ ಅನ್ವಯಿಸುತ್ತದೆ. ಸಿಸ್ಟಮ್‌ಗಳ ಲಾಗ್ 180 ದಿನ ಉಳಿಸಬೇಕು, ಗಡಿಯಾರಗಳು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿರಬೇಕು, ಪಟ್ಟಿಮಾಡಿದ ಬಗೆಯ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಸಣ್ಣ ಉದ್ದಿಮೆಗಳಿಗೆ ಕೊಟ್ಟಿದ್ದ ಹೆಚ್ಚುವರಿ ಗಡುವೂ ಆ ವರ್ಷದ ಸೆಪ್ಟೆಂಬರ್ 25ಕ್ಕೇ ಮುಗಿದಿದೆ. ಚಿಕ್ಕ ರೌಟರಿನ ನೆನಪಿನಲ್ಲಿ ಇಷ್ಟು ದಿನದ ಲಾಗ್ ಹಿಡಿಯುವುದಿಲ್ಲ, ಅದನ್ನು ಬೇರೆ ಯಂತ್ರಕ್ಕೆ ಕಳಿಸಿ ಕೂಡಿಡಬೇಕು. ಗಿರಾಕಿಗಳ ವೈಫೈಗೆ ಬೇರೆ ವಿಎಲ್‌ಎಎನ್ (ಪ್ರತ್ಯೇಕ ಒಳಜಾಲ) ಕೊಟ್ಟು, ಅಲ್ಲಿಂದ ಬಿಲ್ಲಿಂಗ್ ಜಾಲಕ್ಕೆ ದಾರಿಯೇ ಇಲ್ಲದಂತೆ ಮಾಡುವುದು ಇದಕ್ಕೂ ಮೊದಲಿನ ಕೆಲಸ.

ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಂದ ಮೇಲೆ ಇದೆಲ್ಲ ಬೇಕಿಲ್ಲ ಎಂಬ ಮಾತು ಅರ್ಧ ನಿಜ. 128 ಬಿಟ್ ವಿಳಾಸದಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಸಿಗುತ್ತದೆ, ಹಂಚಿಕೊಳ್ಳುವ ಅಗತ್ಯವಿಲ್ಲ. 2016ರಲ್ಲಿ ಬಂದ ಜಿಯೊ ಮೊಬೈಲ್ ಜಾಲದಿಂದಾಗಿ ಭಾರತ ಇದರ ಬಳಕೆಯಲ್ಲಿ ಮುಂದಿದೆ, ಮನೆ-ಅಂಗಡಿಯ ಫೈಬರಿನಲ್ಲೂ ಅದು ಸದ್ದಿಲ್ಲದೆ ಚಾಲೂ ಆಗಿರುತ್ತದೆ. ಆದರೆ ವಿಳಾಸ ಬದಲಾಗದ ಜಾಲದಲ್ಲಿ, ಗುರುತಿಲ್ಲದ ಪ್ಯಾಕೆಟ್ಟನ್ನು ಕೈಬಿಡುತ್ತಿದ್ದ ನ್ಯಾಟಿನ ಆಕಸ್ಮಿಕ ರಕ್ಷಣೆಯೂ ಇರುವುದಿಲ್ಲ. ಐಪಿವಿ4ಗೆ ಬಿಗಿಯಾಗಿ ನಿಯಮ ಬರೆದು ಐಪಿವಿ6ನ ಫೈರ್‌ವಾಲ್ ಪುಟ ತೆರೆಯದೇ ಬಿಟ್ಟಿದ್ದರೆ ಅದೇ ಡಿವಿಆರ್ ಇನ್ನೊಂದು ಬದಿಯಿಂದ ನೇರ ಸಿಗಬಹುದು. ಹೊರಗಿನಿಂದ ಶುರುವಾಗುವ ಯಾವುದನ್ನೂ ಬಿಡಬೇಡ ಎಂಬ ಸಾಲು ಅಲ್ಲೂ ಇದೆಯೇ ಎಂದು ಕೇಳಿ.

ನಿಯಮ ಬದಲಿಸಿದ ದಿನ ಪರೀಕ್ಷೆ ಮಾಡುವ ಕ್ರಮವೂ ಮುಖ್ಯ. ಅಂಗಡಿಯ ವೈಫೈಯಲ್ಲೇ ನಿಂತು ಸ್ವಂತ ಸಾರ್ವಜನಿಕ ವಿಳಾಸ ತಟ್ಟಿದರೆ ಸಿಗುವ ಉತ್ತರವನ್ನು ನಂಬಲಾಗದು. ಒಳಗಿನಿಂದ ಹೊರಟು ಒಳಕ್ಕೇ ತಿರುಗುವ ಪ್ಯಾಕೆಟ್ಟಿಗೆ ಹೇರ್‌ಪಿನ್ ಎಂಬ ಬೇರೆಯೇ ನಿಯಮ ಬೇಕು, ಅದಿಲ್ಲದಿದ್ದರೆ ಸರಿಯಾದ ಸಾಲೂ ಕೆಟ್ಟಂತೆ ಕಾಣುತ್ತದೆ. ವೈಫೈ ಆರಿಸಿ ಮೊಬೈಲ್ ಡೇಟಾದಿಂದ ನೋಡಿ. ಅಳಿಸಿದ ಸಾಲು ಇನ್ನೂ ಕೆಲಸ ಮಾಡುತ್ತಿರುವಂತೆ ಕಂಡರೆ ಹಳೆಯ ಸಂಪರ್ಕದ ಗುರುತು ಕೋಷ್ಟಕದಲ್ಲಿ ಉಳಿದಿದೆ, ಅದನ್ನು ತೆರವು ಮಾಡಿ ಮತ್ತೆ ನೋಡಿ. ಎಲ್ಲ ಸರಿಯಾದ ಮೇಲೆ ರೌಟರಿನ ಕಾನ್ಫಿಗರೇಶನ್ ಬ್ಯಾಕಪ್ ಫೈಲನ್ನೂ ಅಡ್ಮಿನ್ ಪಾಸ್‌ವರ್ಡನ್ನೂ ಟೆಕ್ನಿಷಿಯನ್‌ನಿಂದ ನಿಮ್ಮ ಕೈಗೆ ತೆಗೆದುಕೊಂಡು, ಬಿಲ್ ಆಮೇಲೆ ಪಾವತಿಸಿ.